ಮನೆಯೊಳಗೆ ಸೊಪ್ಪು ಬೆಳೆಯುವ ಕೋಣೆಗೆ ಏನು ಹಾಕಬೇಕು: ಎಕ್ಸಾಸ್ಟ್ ಫ್ಯಾನಾ, ಕೂಲರಾ, ಎಸಿನಾ?

ನೀವು ಬೆಂಗಳೂರು, ಮೈಸೂರು ಕಡೆಯವರಾದರೆ ಎಕ್ಸಾಸ್ಟ್ ಫ್ಯಾನ್ ಸಾಕು. ಕಲಬುರಗಿ, ರಾಯಚೂರು ಕಡೆಯವರಾದರೆ ಕೂಲರ್ ಬೇಕು. ಮಂಗಳೂರು, ಉಡುಪಿ, ಕಾರವಾರದವರಾದರೆ ಎಸಿ ಬೇಕು, ಇಲ್ಲವೇ ಬೆಳೆ ಬದಲಿಸಬೇಕು. ಅವಸರದಲ್ಲಿ ಇರುವವರು ಇಷ್ಟು ತಿಳಿದುಕೊಂಡರೂ ಸಾಕು. ಆದರೆ ನಿಮ್ಮ ಕೋಣೆಗೆ ಎಷ್ಟು ದೊಡ್ಡ ಫ್ಯಾನ್, ಕೂಲರ್ ನಿಜವಾಗಿ ಕೆಲಸ ಮಾಡುತ್ತಾ, ಎಸಿಗೆ ದುಡ್ಡು ಹಾಕಬೇಕಾ ಅನ್ನೋದು ಗೊತ್ತಾಗಬೇಕಾದರೆ ಸ್ವಲ್ಪ ಲೆಕ್ಕ ಹಾಕಬೇಕು. ಕಷ್ಟದ ಲೆಕ್ಕ ಏನಲ್ಲ.

ನನ್ನದು ಬೆಂಗಳೂರಿನಲ್ಲಿ ಹತ್ತಡಿಗೆ ಹತ್ತಡಿಯ ಕೋಣೆ, ಒಂಬತ್ತಡಿ ಎತ್ತರ. ಎರಡು ರ‍್ಯಾಕ್ ಇಟ್ಟು ಲೆಟ್ಯೂಸ್ ಮತ್ತು ಮೈಕ್ರೋಗ್ರೀನ್ಸ್ (ಮೊಳಕೆ ಎಲೆ ಬಿಟ್ಟ ಕೂಡಲೇ ಕೊಯ್ಯುವ ಎಳೆ ಸೊಪ್ಪು) ಬೆಳೆಯುತ್ತೇನೆ. ಒಂದೊಂದು ರ‍್ಯಾಕಿನಲ್ಲಿ ನಾಲ್ಕು ಅಂತಸ್ತು, ಎಲ್ಲ ಎಲ್‌ಇಡಿ ಸೇರಿ ಸುಮಾರು 600 ವ್ಯಾಟ್. ಕೆಳಗಿನ ಲೆಕ್ಕವೆಲ್ಲ ಈ ಕೋಣೆಯದು. ನಿಮ್ಮ ವ್ಯಾಟ್ ಹಾಕಿಕೊಂಡರೆ ನಿಮ್ಮ ಲೆಕ್ಕ ಸಿಗುತ್ತದೆ.

ಮೊದಲು ದೀಪ

"ಎಲ್‌ಇಡಿ ಬಿಸಿಯಾಗಲ್ಲ" ಅನ್ನೋ ಮಾತು ತುಂಬಾ ಕೇಳಿಬರುತ್ತದೆ. ಮುಟ್ಟಿದರೆ ಬಲ್ಬಿನಷ್ಟು ಸುಡುವುದಿಲ್ಲ, ನಿಜ. ಆದರೆ ದೀಪ ಎಳೆದ ಕರೆಂಟೆಲ್ಲ ಕೊನೆಗೆ ಕೋಣೆಯಲ್ಲಿ ಶಾಖವೇ ಆಗುತ್ತದೆ. ಒಂದಿಷ್ಟು ದೀಪದ ಬೆನ್ನಿನಿಂದ ನೇರವಾಗಿ ಬರುತ್ತದೆ. ಉಳಿದದ್ದು ಬೆಳಕಾಗಿ ಹೊರಟು ಎಲೆ, ಟ್ರೇ, ಗೋಡೆಗೆ ಬಿದ್ದು ಅಲ್ಲಿ ಶಾಖವಾಗುತ್ತದೆ. ಗಿಡ ತನ್ನ ಮೈಗೆ ಸೇರಿಸಿಕೊಳ್ಳುವುದು ನೂರಕ್ಕೆ ಒಂದೆರಡು ಪಾಲು, ಅಷ್ಟೇ. ಹಾಗಾಗಿ 600 ವ್ಯಾಟ್ ಎಲ್‌ಇಡಿ ಹಾಕಿದರೆ 600 ವ್ಯಾಟಿನ ಹೀಟರ್ ಇಟ್ಟ ಹಾಗೆಯೇ ಲೆಕ್ಕ ಹಿಡಿಯಬೇಕು.

ಎಲ್‌ಇಡಿಯ ಲಾಭ ಬೇರೆ ಕಡೆ ಇದೆ. ಅಷ್ಟೇ ಬೆಳಕಿಗೆ ಅದು ಕಡಿಮೆ ಕರೆಂಟ್ ಎಳೆಯುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ 400 ವ್ಯಾಟಿನ ಹಳದಿ ಸೋಡಿಯಂ ದೀಪಕ್ಕೂ ಒಳ್ಳೆಯ ಎಲ್‌ಇಡಿಗೂ ಹೋಲಿಸಿದರೆ, ಗಿಡಕ್ಕೆ ಬೇಕಾದ ಅಷ್ಟೇ ಬೆಳಕು ಕೊಡಲು ಸೋಡಿಯಂಗೆ ಸುಮಾರು ಎರಡರಷ್ಟು ವ್ಯಾಟ್ ಬೇಕು. ಅಂದರೆ ಶಾಖವೂ ಎರಡರಷ್ಟು. ಜೊತೆಗೆ ಅದರ ಬಲ್ಬು ಕೆಂಡದ ಹಾಗೆ ಕಾಯುವುದರಿಂದ ಎಲೆಯಿಂದ ಎರಡು ಅಡಿಯಾದರೂ ದೂರ ಇಡಬೇಕು. ರ‍್ಯಾಕಿನ ಅಂತಸ್ತುಗಳ ನಡುವೆ ಅಷ್ಟು ಜಾಗ ಎಲ್ಲಿದೆ? ಸೋಡಿಯಂ ದೀಪಕ್ಕೆ ಗಾಜಿನ ಮುಚ್ಚಳ ಹಾಕಿ, ಬಲ್ಬಿನ ಸುತ್ತಲ ಬಿಸಿಗಾಳಿಯನ್ನು ಪೈಪಿನಲ್ಲಿ ಹೊರಗೆ ಎಳೆಯುವ ಹುಡ್ ಕೂಡ ಸಿಗುತ್ತದೆ. ಸೋಡಿಯಂ ಈಗಾಗಲೇ ಇರುವವರಿಗೆ ಅದು ಒಳ್ಳೆಯ ದಾರಿಯೇ. ಆದರೆ ಗಾಜು ಸ್ವಲ್ಪ ಬೆಳಕನ್ನು ತಡೆಯುತ್ತದೆ, ಅದರ ಮೇಲೆ ಕೂರುವ ದೂಳು ಇನ್ನೂ ಸ್ವಲ್ಪ ತಡೆಯುತ್ತದೆ. ಹೊಸದಾಗಿ ಶುರು ಮಾಡುವವರು ಸೋಡಿಯಂ ತರಬೇಡಿ.

ಎಲ್‌ಇಡಿಯಲ್ಲೂ ಎರಡು ಬಗೆ ಇದೆ. ಬೆನ್ನಿಗೆ ದಪ್ಪ ಅಲ್ಯುಮಿನಿಯಂ ಇರುವ ಪಟ್ಟಿಗಳು ಒಂದು. ಒಳಗೆ ಪುಟ್ಟ ಫ್ಯಾನ್ ತಿರುಗುವ ಪೆಟ್ಟಿಗೆಯಂಥವು ಇನ್ನೊಂದು. ನನ್ನ ಆಯ್ಕೆ ಪಟ್ಟಿಯೇ. ಫ್ಯಾನ್ ಇರುವ ದೀಪದಲ್ಲಿ ದೂಳು, ತೇವ ಸೇರಿ ಮೊದಲು ಆ ಫ್ಯಾನ್ ನಿಲ್ಲುತ್ತದೆ. ಫ್ಯಾನ್ ನಿಂತದ್ದು ನಮಗೆ ಗೊತ್ತಾಗುವ ಹೊತ್ತಿಗೆ ಎಲ್‌ಇಡಿ ಬೆಂದಿರುತ್ತದೆ. ಪಟ್ಟಿಯಲ್ಲಿ ಕೆಡುವ ಫ್ಯಾನೇ ಇಲ್ಲ. ಬೆಳಕೂ ಹರಡಿಕೊಂಡು ಬೀಳುತ್ತದೆ.

ಪಟ್ಟಿ ತಗೊಳ್ಳುವಾಗ ಡ್ರೈವರ್ (ಮನೆಯ ಕರೆಂಟನ್ನು ದೀಪಕ್ಕೆ ಹೊಂದಿಸಿ ಕೊಡುವ ಪೆಟ್ಟಿಗೆ) ಬೇರೆಯಾಗಿ ಬರುವಂಥದ್ದನ್ನು ಕೇಳಿ. ಡ್ರೈವರಿನಲ್ಲೇ ನೂರಕ್ಕೆ ಆರರಿಂದ ಹತ್ತು ಪಾಲು ಕರೆಂಟ್ ಶಾಖವಾಗಿ ಹೋಗುತ್ತದೆ. ಅದನ್ನು ಕೋಣೆಯ ಹೊರಗಿನ ಗೋಡೆಗೆ ಬಿಗಿದರೆ ಆ ಶಾಖ ಒಳಗೆ ಬರುವುದೇ ಇಲ್ಲ. ಡ್ರೈವರಿಗೂ ಒಳ್ಳೆಯದು. ಅದರೊಳಗಿನ ಕೆಪಾಸಿಟರ್ 10 ಡಿಗ್ರಿ ಜಾಸ್ತಿ ಬಿಸಿಯಾದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಎಲೆಕ್ಟ್ರಾನಿಕ್ಸ್‌ನವರು ಬಳಸುವ ಅಂದಾಜು. ಹೊರಗಿನ ತಂತಿ ಕೆಲಸವನ್ನು ಮಾತ್ರ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ದುಡ್ಡು ಕೇಳದ ತಂಪು

ಯಾವ ಯಂತ್ರ ಅಂತ ಯೋಚಿಸುವ ಮೊದಲು ದೀಪ ಹಚ್ಚುವ ಹೊತ್ತು ಬದಲಿಸಿ. ನನ್ನ ಕೋಣೆಗೆ ಇದರಷ್ಟು ಉಪಕಾರ ಮಾಡಿದ್ದು ಬೇರೊಂದಿಲ್ಲ.

ಲೆಟ್ಯೂಸ್‌ಗೆ ಹಗಲು ಯಾವಾಗ ಅನ್ನೋದನ್ನು ಹೇಳುವುದು ನಿಮ್ಮ ಟೈಮರ್. ಹೊರಗೆ ಕತ್ತಲಿದ್ದರೂ ಅದಕ್ಕೆ ಏನೂ ಆಗಬೇಕಿಲ್ಲ. ನಾನು ರಾತ್ರಿ ಎಂಟಕ್ಕೆ ದೀಪ ಹಚ್ಚಿ ಬೆಳಿಗ್ಗೆ ಹತ್ತಕ್ಕೆ ಆರಿಸುತ್ತೇನೆ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 34 ಡಿಗ್ರಿ ಮುಟ್ಟಿದರೂ ರಾತ್ರಿ ಕಳೆದು ಬೆಳಗಾಗುವಾಗ 22ರ ಹತ್ತಿರಕ್ಕೆ ಇಳಿದಿರುತ್ತದೆ. ಡಿಸೆಂಬರ್, ಜನವರಿಯಲ್ಲಿ 16ರ ಸುತ್ತಮುತ್ತ. ದೀಪ ಉರಿಯುವ ಹೊತ್ತಿನಲ್ಲಿ ಹೊರಗಿನ ಗಾಳಿ ತಣ್ಣಗಿದ್ದರೆ ಅದನ್ನು ಎಳೆದುಕೊಂಡರೆ ಆಯಿತು. ಸೆಕೆಯ ಹೊತ್ತಿನಲ್ಲಿ ಗಿಡ ಕತ್ತಲಲ್ಲಿ ಮಲಗಿರುತ್ತದೆ. ಕಿಟಕಿಗೆ ಬಿಸಿಲು ಬೀಳುವಂತಿದ್ದರೆ ಹಗಲಲ್ಲಿ ಥರ್ಮಾಕೋಲ್ ಹಲಗೆ ಮುಚ್ಚಿ.

ಕೋಣೆ ಆರಿಸುವ ಅವಕಾಶ ಇದ್ದರೆ ಕೆಳಮನೆಯ ಉತ್ತರ ದಿಕ್ಕಿನ ಕೋಣೆ ಹಿಡಿಯಿರಿ. ತಾರಸಿಯ ಮೇಲಿನ ಶೀಟ್ ಕೋಣೆ ಬೇಡವೇ ಬೇಡ. ತಾರಸಿಯ ಕೆಳಗಿನ ಕೋಣೆಯೇ ಗತಿ ಅಂದರೆ ಮೇಲೆ ಬಿಳಿ ಸುಣ್ಣವನ್ನಾದರೂ ಬಳಿಸಿ.

ಎಕ್ಸಾಸ್ಟ್ ಫ್ಯಾನ್: ಎಷ್ಟು ದೊಡ್ಡದು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಕ್ಸಾಸ್ಟ್ ಫ್ಯಾನ್ ಎಷ್ಟೇ ದೊಡ್ಡದಿರಲಿ, ಕೋಣೆಯನ್ನು ಹೊರಗಿಗಿಂತ ತಣ್ಣಗೆ ಮಾಡಲಾರದು. ಒಳಗಿನ ಶಾಖವನ್ನು ಹೊರಗೆ ಸಾಗಿಸುವುದಷ್ಟೇ ಅದರ ಕೆಲಸ.

ಅಂಗಡಿಯಲ್ಲಿ ಕೇಳಿದರೆ ಕೋಣೆಯ ಅಳತೆ ಕೇಳಿ ಫ್ಯಾನ್ ಕೊಡುತ್ತಾರೆ. ಅಡುಗೆಮನೆಗೆ ಅದು ಸರಿ. ನಮ್ಮ ಕೋಣೆಗೆ ಕೇಳಬೇಕಾದ್ದು ವ್ಯಾಟ್. ಲೆಕ್ಕ ಹೀಗೆ: ವ್ಯಾಟನ್ನು ಮೂರರಿಂದ ಗುಣಿಸಿ, ಹೊರಗಿಗಿಂತ ಎಷ್ಟು ಡಿಗ್ರಿ ಏರಿದರೆ ಪರವಾಗಿಲ್ಲವೋ ಅದರಿಂದ ಭಾಗಿಸಿ. ಬರುವ ಉತ್ತರವೇ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಬೇಕು ಅನ್ನೋದು. ನನ್ನ 600 ವ್ಯಾಟಿಗೆ 3 ಡಿಗ್ರಿ ಏರಿಕೆ ಸಾಕು ಅಂದುಕೊಂಡರೆ, 1800ನ್ನು 3ರಿಂದ ಭಾಗಿಸಿ, ಗಂಟೆಗೆ 600 ಘನ ಮೀಟರ್. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ಗಾಳಿ ತೆಳು. ಅದಕ್ಕೆ ನೂರಕ್ಕೆ ಹತ್ತು ಪಾಲು ಸೇರಿಸಿ 660 ಅಂದುಕೊಳ್ಳಿ. ಫ್ಯಾನಿನ ಡಬ್ಬದ ಮೇಲೆ ಸಿಎಂಎಚ್ ಅಂತ ಬರೆದಿರುವುದು ಇದೇ ಲೆಕ್ಕ. ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ) ಅಂತ ಇದ್ದರೆ 1.7ರಿಂದ ಗುಣಿಸಿಕೊಳ್ಳಿ.

ಡಬ್ಬದ ಮೇಲಿನ ಅಂಕಿ ಎದುರಿಗೆ ಏನೂ ಅಡ್ಡ ಇಲ್ಲದಾಗ ಸಿಗುವ ಗಾಳಿ. ಸೊಳ್ಳೆ ಪರದೆ, ಪೈಪು, ಬಾಗು, ಮುಚ್ಚಳ ಬಂದಂತೆಲ್ಲ ಅದು ಇಳಿಯುತ್ತದೆ. ಫ್ಯಾನಿನ ಬಗೆ ನೋಡಬೇಕಾದ್ದು ಇಲ್ಲೇ. ಗೋಡೆಯ ಕಿಂಡಿಗೆ ನೇರವಾಗಿ ಕೂರಿಸುವುದಾದರೆ ಸಾಮಾನ್ಯ ರೆಕ್ಕೆಯ ಎಕ್ಸಾಸ್ಟ್ ಫ್ಯಾನ್ ಅಗ್ಗ, ಅದೇ ಚೆಂದ. ಆದರೆ ಅದಕ್ಕೆ ಉದ್ದ ಪೈಪ್ ಸಿಕ್ಕಿಸಿದರೆ ಸುಸ್ತಾಗಿಬಿಡುತ್ತದೆ. ಬಾಡಿಗೆ ಮನೆ, ಗೋಡೆ ಒಡೆಯುವ ಹಾಗಿಲ್ಲ, ಪೈಪನ್ನು ಬಾತ್‌ರೂಮಿನ ವೆಂಟಿಲೇಟರ್‌ವರೆಗೆ ಒಯ್ಯಬೇಕು ಅನ್ನುವವರು ಪೈಪಿನ ನಡುವೆಯೇ ಕೂರುವ ಇನ್‌ಲೈನ್ ಡಕ್ಟ್ ಫ್ಯಾನ್ ತಗೊಳ್ಳಿ. ಬೆಲೆ ಜಾಸ್ತಿ, ಆದರೆ ಪೈಪಿನ ಅಡ್ಡಿಗೆ ಬಗ್ಗುವುದಿಲ್ಲ. ಪೈಪನ್ನು ಎಳೆದು ನೇರ ಮಾಡಿ. ಸುಕ್ಕು ಸುಕ್ಕಾಗಿ ಬಿಟ್ಟರೆ ಗಾಳಿ ಅಲ್ಲೇ ತಿಣುಕುತ್ತದೆ.

ಫ್ಯಾನ್ ಮೇಲೆ, ಗಾಳಿ ಬರುವ ಕಿಂಡಿ ಎದುರು ಗೋಡೆಯ ಕೆಳಗೆ. ಬಿಸಿಗಾಳಿ ಮೇಲೇರುತ್ತೆ ಅಲ್ವಾ, ಅದಕ್ಕೆ. ಕಿಂಡಿ ಫ್ಯಾನಿನ ಬಾಯಿಗಿಂತ ಎರಡು ಮೂರು ಪಟ್ಟು ದೊಡ್ಡದಿರಲಿ. ಬಿಳಿ ನೊಣ ಬರದ ಹಾಗೆ ಕೃಷಿ ಅಂಗಡಿಯಲ್ಲಿ ಸಿಗುವ 40 ಮೆಶ್ ಬಲೆ ಹಾಕುವುದಾದರೆ ಇನ್ನೂ ದೊಡ್ಡದು ಮಾಡಿ, ತಿಂಗಳಿಗೊಮ್ಮೆ ಬಲೆ ತೊಳೆಯಿರಿ. ಕೋಣೆಯ ಬಾಗಿಲು ತೆಗೆಯುವಾಗ ಗಟ್ಟಿಯಾಗಿ ಎಳೆದು ಹಿಡಿದ ಹಾಗೆ ಅನ್ನಿಸಿದರೆ ಕಿಂಡಿ ಸಾಲುತ್ತಿಲ್ಲ ಅಂತಲೇ ಅರ್ಥ.

ಕೂಲರ್: ಒಂದು ಒದ್ದೆ ಬಟ್ಟೆ ಹೇಳುತ್ತದೆ

ಕೂಲರ್ ಕೆಲಸ ಮಾಡುವುದು ಮಣ್ಣಿನ ಮಡಕೆಯ ಹಾಗೆ. ನೀರು ಆವಿಯಾಗುವಾಗ ಸುತ್ತಲ ಶಾಖ ಹೀರುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 0.68 ಯೂನಿಟ್ ಕರೆಂಟಿನಷ್ಟು ಶಾಖ ಹೋಗುತ್ತದೆ. ಅಂದರೆ ಗಂಟೆಗೆ ಒಂದು ಲೀಟರಿಗಿಂತ ಕಡಿಮೆ ನೀರು ನನ್ನ 600 ವ್ಯಾಟಿನ ಶಾಖವನ್ನೆಲ್ಲ ನುಂಗಬಲ್ಲದು. ಎಂಥ ಅಗ್ಗದ ತಂಪು! ಆದರೆ ಗಾಳಿ ಒಣಗಿರಬೇಕು.

ನಿಮ್ಮ ಊರಿನ ಗಾಳಿ ಒಣಗಿದೆಯಾ ಅಂತ ಕೂಲರ್ ಕೊಳ್ಳುವ ಮೊದಲೇ ನೋಡಬಹುದು. ಗೋಡೆಗೆ ಹಾಕುವ ಗಾಜಿನ ಥರ್ಮಾಮೀಟರ್ ತಗೊಳ್ಳಿ, ಜ್ವರ ನೋಡುವುದಲ್ಲ. ನೆರಳಿನಲ್ಲಿ ಹಿಡಿದು ಓದಿಕೊಳ್ಳಿ. ಆಮೇಲೆ ಅದರ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಟೇಬಲ್ ಫ್ಯಾನಿನ ಮುಂದೆ ಐದು ನಿಮಿಷ ಹಿಡಿದು ಮತ್ತೆ ಓದಿ. ಒಳ್ಳೆಯ ಕೂಲರ್ ಈ ಎರಡು ಅಂಕಿಗಳ ನಡುವಿನ ದೂರದಲ್ಲಿ ಸುಮಾರು ಮುಕ್ಕಾಲು ಪಾಲು ಇಳಿಸುತ್ತದೆ.

ಕಲಬುರಗಿಯ ಬೇಸಿಗೆ ಮಧ್ಯಾಹ್ನ 40 ಡಿಗ್ರಿ, ಗಾಳಿಯ ತೇವ ನೂರಕ್ಕೆ 20 ಇದೆ ಅನ್ನಿ. ಒದ್ದೆ ಬಟ್ಟೆಯ ಅಂಕಿ 23ರ ಹತ್ತಿರ ಬರುತ್ತದೆ. ಕೂಲರ್ ಗಾಳಿ 27ಕ್ಕೆ ಸಿಗುತ್ತದೆ. 13 ಡಿಗ್ರಿ ಇಳಿಕೆ! ಮಂಗಳೂರಿನಲ್ಲಿ 33 ಡಿಗ್ರಿ, ತೇವ 70 ಅಂದರೆ ಒದ್ದೆ ಬಟ್ಟೆ 28ಕ್ಕೇ ನಿಲ್ಲುತ್ತದೆ. ಕೂಲರ್ ಮೂರು ನಾಲ್ಕು ಡಿಗ್ರಿ ಇಳಿಸಬಹುದು, ಆದರೆ ಕೋಣೆಯ ತೇವ 90 ದಾಟುತ್ತದೆ. ಅದು ಬೂಷ್ಟಿಗೆ ಹಬ್ಬ. ಕರಾವಳಿಯವರು ಕೂಲರ್ ಮರೆತುಬಿಡಿ.

ಬೆಂಗಳೂರಿನ ಬೇಸಿಗೆಯಲ್ಲಿ ಕೂಲರ್ ಚೆನ್ನಾಗಿಯೇ ನಡೆಯುತ್ತದೆ. ಆದರೆ ನಾನು ಮೊದಲ ಬೇಸಿಗೆಯಲ್ಲಿ ಒಂದು ತಪ್ಪು ಮಾಡಿದೆ. ಕೂಲರನ್ನು ಕೋಣೆಯೊಳಗೇ ಇಟ್ಟು, ತಂಪು ಹೊರಗೆ ಹೋಗದಿರಲಿ ಅಂತ ಕಿಟಕಿ, ಎಕ್ಸಾಸ್ಟ್ ಎರಡನ್ನೂ ಮುಚ್ಚಿ ಮಲಗಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಮುಖಕ್ಕೆ ಹಬೆ ಹೊಡೆಯಿತು. ಗೋಡೆಯ ಮೇಲೆ ನೀರು ಇಳಿದಿತ್ತು. ಸೂರ್ಯಕಾಂತಿ ಮೈಕ್ರೋಗ್ರೀನ್ಸ್ ಟ್ರೇಯಲ್ಲಿ ಮೊಳಕೆಯ ತಲೆಗೆ ಅಂಟಿದ ಸಿಪ್ಪೆಯ ಸುತ್ತ ಜೇಡರಬಲೆಯಂಥ ಬಿಳಿ ಬೂಷ್ಟು. ಮುಟ್ಟಿದರೆ ಬೆರಳಿಗೆ ಲೋಳೆ ಅಂಟುತ್ತಿತ್ತು. ಆರು ಟ್ರೇ ಗೊಬ್ಬರದ ಗುಂಡಿಗೆ ಹೋಯಿತು. ಕೂಲರ್ ಹೊರಗಿನ ಒಣ ಗಾಳಿ ಎಳೆದು ಒಳಗೆ ಊದಬೇಕು, ಎಕ್ಸಾಸ್ಟ್ ಅಷ್ಟೇ ಗಾಳಿಯನ್ನು ಹೊರಗೆ ಹಾಕಬೇಕು. ಕೂಲರಿನ ಬೆನ್ನು ಕಿಟಕಿಯ ಆಚೆ ಇರಲಿ.

ಕೂಲರಿನ ಒದ್ದೆ ಪ್ಯಾಡಿನಲ್ಲಿ ಹುಲ್ಲಿನದಕ್ಕಿಂತ ಜೇನುಗೂಡಿನಂಥದ್ದು ಬಾಳಿಕೆ ಜಾಸ್ತಿ. ಬೋರ್‌ವೆಲ್ ನೀರಾದರೆ ಉಪ್ಪು ಕಟ್ಟುತ್ತದೆ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿ.

ಎಸಿ: ಯಾವಾಗ ಬೇಕೇ ಬೇಕು

ಎಸಿಗೆ ಜನ ಹೆದರುವುದು ಬಿಲ್ಲಿಗೆ. ಆದರೆ ಸಣ್ಣ ಕೋಣೆಯಲ್ಲಿ ದೀಪದ ಶಾಖವನ್ನು ಹೊರಹಾಕಲು ಎಸಿ ತಿನ್ನುವ ಕರೆಂಟ್ ಅಷ್ಟೇನೂ ಇಲ್ಲ. ಒಂದು ಟನ್ ಎಸಿ ಅಂದರೆ ಸುಮಾರು 3,500 ವ್ಯಾಟ್ ಶಾಖ ಎತ್ತುವ ಶಕ್ತಿ. ನನ್ನ ದೀಪಗಳು ಅದರ ಆರನೇ ಒಂದು ಪಾಲು. ಮೂರು ವ್ಯಾಟ್ ಶಾಖ ಎತ್ತಲು ಒಂದು ವ್ಯಾಟ್ ಅಂತ ಹಿಡಿದರೂ 600ಕ್ಕೆ 200 ವ್ಯಾಟ್ ಆಯಿತು. ಬಿಲ್ ಏರಿಸುವುದು ಬಿಸಿಲು ಕುಡಿದ ತಾರಸಿ, ಸಂದು ಬಿಟ್ಟ ಕಿಟಕಿ. ಹಾಗಾಗಿ ಎಸಿ ಕೋಣೆಗೆ ಮೊದಲ ಖರ್ಚು ಬಾಗಿಲ ಸಂದಿ ಮುಚ್ಚುವ ರಬ್ಬರಿಗೆ ಇರಲಿ.

ಒಂದು ಟನ್ನಿನ ಇನ್ವರ್ಟರ್ ಎಸಿ ಇಂಥ ಕೋಣೆಗೆ ಧಾರಾಳ. ದೊಡ್ಡದು ತಂದರೆ ಬೇಗ ತಣ್ಣಗಾಗಿ ಸುಮ್ಮನಾಗುತ್ತದೆ, ತೇವ ಹಾಗೇ ಉಳಿಯುತ್ತದೆ. ಗಿಡದ ಕೋಣೆಯಲ್ಲಿ ತೇವದ್ದೇ ದೊಡ್ಡ ಕೆಲಸ. ನನ್ನ ಎರಡು ರ‍್ಯಾಕ್ ದಿನಕ್ಕೆ ಸುಮಾರು ಎಂಟು ಲೀಟರ್ ನೀರು ಕುಡಿಯುತ್ತವೆ. ಗಿಡದ ಮೈಯಲ್ಲಿ ಉಳಿಯುವುದು ಸ್ವಲ್ಪವೇ, ಉಳಿದದ್ದೆಲ್ಲ ಎಲೆಯಿಂದ ಆವಿಯಾಗಿ ಗಾಳಿಗೆ ಸೇರುತ್ತದೆ. ಎಸಿಯ ನೀರಿನ ಪೈಪಿನ ಕೆಳಗೆ ಬಕೆಟ್ ಇಟ್ಟು ನೋಡಿ, ಅದೇ ನೀರು ವಾಪಸ್ ಬಂದಿರುತ್ತದೆ. ಬಕೆಟ್ ಖಾಲಿ ಇದ್ದು ಕೋಣೆ ತಣ್ಣಗಿದ್ದರೆ ಖುಷಿಪಡಬೇಡಿ. ತೇವ ಒಳಗೇ ಇದೆ.

ಎಸಿ ಕೋಣೆಯ ಇನ್ನೊಂದು ತೊಂದರೆ ಕಾರ್ಬನ್ ಡೈಆಕ್ಸೈಡ್. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ 420 ಪಾಲಿಗಿಂತ ಸ್ವಲ್ಪ ಜಾಸ್ತಿ ಇದೆ. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ತುಂಬಿ ಬೆಳೆದ ಸೊಪ್ಪು ಅದನ್ನು ಬೇಗ ತಿಂದು ಮುಗಿಸುತ್ತದೆ. ಆಮೇಲೆ ಎಷ್ಟು ದೀಪ ಉರಿಸಿದರೂ ಬೆಳವಣಿಗೆ ಕುಂಟುತ್ತದೆ. ಚಿಕ್ಕ ಎಕ್ಸಾಸ್ಟ್ ಒಂದನ್ನು ಟೈಮರಿಗೆ ಹಾಕಿ, ಗಂಟೆಗೆ ಎರಡು ಮೂರು ಸಲ ಐದು ನಿಮಿಷ ಓಡಿಸಿದರೆ ಸಾಕು.

ಕರಾವಳಿಯವರಿಗೆ ಎಸಿಗಿಂತ ಮೊದಲು ಇನ್ನೊಂದು ಮಾತು. ಲೆಟ್ಯೂಸ್‌ಗೆ 18ರಿಂದ 24 ಡಿಗ್ರಿ ಬೇಕು. 28 ದಾಟಿ ದಿನಗಟ್ಟಲೆ ಇದ್ದರೆ ಎಲೆ ಕಹಿಯಾಗುತ್ತದೆ, ನಡುವಿನಿಂದ ಹೂದಂಟು ಏಳುತ್ತದೆ. ಆದರೆ ಹರಿವೆ, ಬಸಳೆ, ಬೇಸಿಲ್ 30 ಡಿಗ್ರಿಯಲ್ಲೂ ನಗುತ್ತಾ ಬೆಳೆಯುತ್ತವೆ. ಹರಿವೆ ಮೈಕ್ರೋಗ್ರೀನ್ಸ್ ಬಣ್ಣ ನೋಡಿದ್ದೀರಾ, ಕುಂಕುಮದ ಹಾಗಿರುತ್ತದೆ. ಇಂಥವನ್ನು ಆರಿಸಿಕೊಂಡರೆ ಒಳ್ಳೆಯ ಎಕ್ಸಾಸ್ಟ್ ಸಾಕಾಗಬಹುದು. ಇನ್ನು ಕೇಸರಿ ಬೆಳೆಯುವ ಆಸೆ ಇರುವವರಿಗೆ: ಅದು ಹೂ ಬಿಡಲು 15ರಿಂದ 17 ಡಿಗ್ರಿ ಕೇಳುತ್ತದೆ. ಮನೆಯ ಎಸಿ 16ಕ್ಕಿಂತ ಕೆಳಗೆ ಹೋಗುವುದಿಲ್ಲ, ದೀಪ ಉರಿಯುವ ಕೋಣೆಯಲ್ಲಿ ಅಷ್ಟಕ್ಕೂ ಇಳಿಯುವುದು ಕಷ್ಟ. ಕೇಸರಿಯದು ಕೋಲ್ಡ್ ರೂಮಿನ ಲೆಕ್ಕ, ಅದೇ ಬೇರೆ.

ಮಲೆನಾಡಿನವರಿಗೆ ಮಳೆಗಾಲದಲ್ಲಿ ಬಿಸಿಯ ತೊಂದರೆಯಿಲ್ಲ, ತೇವದ್ದೇ ತೊಂದರೆ. ಹೊರಗಿನ ಗಾಳಿಯೇ ಒದ್ದೆ ಇರುವಾಗ ಎಕ್ಸಾಸ್ಟ್ ಏನು ಮಾಡೀತು? ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಡಿ. ಅದು ತಾನೂ ಶಾಖ ಬಿಡುತ್ತದೆ, ಆದರೆ ಮಳೆಗಾಲದ ಥಂಡಿಯಲ್ಲಿ ಅದು ಹೊರೆಯಾಗದು.

ಯಾವುದನ್ನೇ ಆರಿಸಿ, ಇವೆರಡು ಬಿಡಬೇಡಿ

ಒಂದು, ಒಳಗೆ ತಿರುಗುವ ಚಿಕ್ಕ ಫ್ಯಾನು. ಲೆಟ್ಯೂಸ್‌ನ ನಡುವಿನ ಎಳೆ ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಹಾಗೆ ಕಂಡರೆ ದೀಪ ಹತ್ತಿರವಾಯಿತು ಅಂದುಕೊಳ್ಳುತ್ತೇವೆ. ಕ್ಯಾಲ್ಸಿಯಂ ಹಾಕುತ್ತೇವೆ. ನಾನೂ ಎರಡು ಬೆಳೆ ಹಾಗೇ ಕಳೆದೆ. ಕ್ಯಾಲ್ಸಿಯಂ ಎಲೆಗೆ ಏರುವುದು ನೀರಿನ ಜೊತೆಗೆ. ನೀರು ಏರಬೇಕಾದರೆ ಎಲೆ ಆವಿ ಬಿಡಬೇಕು. ಒತ್ತೊತ್ತಾದ ಸುಳಿಯೊಳಗೆ ಗಾಳಿ ನಿಂತರೆ ಆವಿ ಏಳುವುದಿಲ್ಲ, ನೀರಿನಲ್ಲಿ ಎಷ್ಟು ಕ್ಯಾಲ್ಸಿಯಂ ಇದ್ದರೂ ಅಲ್ಲಿಗೆ ತಲುಪುವುದಿಲ್ಲ. ಕಂಪ್ಯೂಟರಿನೊಳಗೆ ಇರುವ 12 ವೋಲ್ಟಿನ ಪುಟ್ಟ ಫ್ಯಾನ್‌ಗಳನ್ನು ಪ್ರತಿ ಅಂತಸ್ತಿಗೂ ಎರಡು ಕಟ್ಟಿದೆ. ಮೂರನೇ ಬೆಳೆಯಲ್ಲಿ ಸುಳಿ ಹಸಿರಾಗಿಯೇ ಬಂತು. ಎಲೆ ಮೆಲ್ಲಗೆ ನಡುಗಬೇಕು, ಬಗ್ಗಿ ಮಲಗಬಾರದು. ಅಷ್ಟು ಗಾಳಿ ಸಾಕು.

ಇನ್ನೊಂದು, ಕರೆಂಟ್ ಹೋಗಿ ಬಂದಾಗಿನ ಕಥೆ. ಕರೆಂಟ್ ಹೋದರೆ ದೀಪವೂ ಆರುತ್ತದೆ, ಹೆದರಿಕೆಯಿಲ್ಲ. ಬಂದಾಗ ದೀಪ ತಕ್ಷಣ ಹೊತ್ತಿಕೊಳ್ಳುತ್ತದೆ, ಆದರೆ ಆಟೋ ರೀಸ್ಟಾರ್ಟ್ ಇಲ್ಲದ ಎಸಿ ಸುಮ್ಮನೆ ಕೂತಿರುತ್ತದೆ. ನೀವು ಊರಿಗೆ ಹೋಗಿದ್ದರೆ ಕೋಣೆ ಒಲೆಯಾಗುತ್ತದೆ. ಬೇರಿಗೆ ಕೊಡುವ ಪೋಷಕಾಂಶದ ನೀರೂ ಬಿಸಿಯಾಗುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯ ನೀರು ಏಳೂವರೆಯಷ್ಟೇ ಹಿಡಿಯುತ್ತದೆ. ಬೇರು ಕಂದಾಗಿ ಕೊಳೆಯುವುದು ಇಂಥ ಹೊತ್ತಲ್ಲೇ. ಇದಕ್ಕೆ ಎಸ್‌ಟಿಸಿ-1000 ಅನ್ನುವ, ಬಿಸಿ ನೋಡಿ ಸ್ವಿಚ್ ಹಾಕಿ ಆರಿಸುವ ಚಿಕ್ಕ ಕಂಟ್ರೋಲರ್ ಸಿಗುತ್ತದೆ. ಅದರ ಸೆನ್ಸರನ್ನು ಮೇಲಿನ ಅಂತಸ್ತಿನ ಎಲೆಯ ಎತ್ತರದಲ್ಲಿ, ದೀಪದ ಬೆಳಕು ನೇರವಾಗಿ ಬೀಳದ ಕಡೆ ತೂಗುಹಾಕಿ. ದೀಪದ ಲೈನನ್ನು ಕಾಂಟ್ಯಾಕ್ಟರ್ (ದೊಡ್ಡ ಲೋಡ್ ಹೊರುವ ಸ್ವಿಚ್) ಮೂಲಕ ಅದಕ್ಕೆ ಕೊಡಿಸಿ, 32 ಡಿಗ್ರಿ ದಾಟಿದರೆ ದೀಪ ಆರುವಂತೆ ಇಡಿ. ಎಲೆಕ್ಟ್ರಿಷಿಯನ್ ಬಂದ ದಿನವೇ ಅರ್ತಿಂಗ್ ನೋಡಿಸಿ, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿಬಿಡಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಟ್ರೇ ಎತ್ತುವವರು ನಾವು.